ಹವಾಯಿ ಚಪ್ಪಲಿಯ ವಾಶರು

ಕತಾರಿಗೆ ಬಂದ ಮೊದಲ ವಾರದಲ್ಲೇ ಚೂಡಾಮಣಿಯವರಿಗೆ ರೆಸ್ಟ್ ಎಂಬ ಮಾತು ಕೇಳಿದರೆ ಮೈ ಉರಿಯತೊಡಗಿತ್ತು. ಬೆಳಿಗ್ಗೆ ಮಗ ಮುದ್ದುಕೃಷ್ಣ ಟೈ ಸರಿಮಾಡಿಕೊಳ್ಳುತ್ತ, “ಅಮ್ಮಾ, ನೀನು ರೆಸ್ಟ್ ತಗೋ” ಎಂದು ಆಫೀಸಿಗೆ ಹೊರಡುತ್ತಿದ್ದ. ಅವನ ಹಿಂದೆಯೇ ಸೊಸೆ ಸಂಜನಾ, “ಅತ್ತೆ, ಅನ್ನ, ಹುಳಿ, ಪಲ್ಯ ಎಲ್ಲ ಮಾಡಿಟ್ಟಿದೀನಿ. ನೀವೇನೂ ಮುಟ್ಟಬೇಡಿ, ರೆಸ್ಟ್ ತಗೊಳ್ಳಿ” ಎಂದು ತನ್ನ ಟ್ರಾವೆಲ್ ಏಜೆನ್ಸಿಗೆ ಓಡುತ್ತಿದ್ದಳು. ಕೊನೆಗೆ ಆರನೇ ಕ್ಲಾಸಿನ ಮೊಮ್ಮಗಳು ಅಮೂಲ್ಯಾ ಕೂಡ ಸ್ಕೂಲ್ ಬಸ್ಸಿನ ಕಿಟಕಿಯಿಂದ ಕೈಬೀಸಿ, “ಅಜ್ಜೀ, ಟೇಕ್ ರೆಸ್ಟ್” ಎಂದು ಕೂಗುತ್ತಿದ್ದಳು. ಆಮೇಲೆ ಅಲ್ ರಯ್ಯಾನಿನ ಆ ಮನೆಯಲ್ಲಿ ಉಳಿಯುತ್ತಿದ್ದವರು ಚೂಡಾಮಣಿ ಮತ್ತು ಗೊರಗೊರ ಎನ್ನುವ ಏಸಿ.

ರೆಸ್ಟ್ ತಗೊಳ್ಳುವ ಹೆಂಗಸೇ ಅಲ್ಲ ಆಕೆ. ಮೈಸೂರಿನಲ್ಲಿ ಅವರ ಯಜಮಾನರು ಹೈಸ್ಕೂಲ್ ಹೆಡ್‌ಮಾಸ್ಟರಾಗಿದ್ದರು. ಇಡೀ ಊರಿಗೆ ಬೀಜಗಣಿತ ಕಲಿಸಿ, ಸ್ಕ್ರೂಡ್ರೈವರನ್ನು ಯಾವ ಕಡೆ ಹಿಡಿಯಬೇಕೆಂದು ತಿಳಿಯದೆಯೇ ತೀರಿಕೊಂಡರು. ಫ್ಯೂಸು ಕಟ್ಟುವುದು, ಬಾಗಿಲಿನ ಚಿಲಕ ಕೂರಿಸುವುದು, ನಲ್ಲಿಗೆ ವಾಶರ್ ಹಾಕುವುದು, ಎಲ್ಲ ಚೂಡಾಮಣಿಯವರದೇ. ಅಂಥವರನ್ನು ಕರೆತಂದು ಸೋಫಾದ ಮೇಲೆ ಗೊಂಬೆಯ ಹಾಗೆ ಕೂರಿಸಿದರೆ ಹೇಗಿದ್ದೀತು? ಮಧ್ಯಾಹ್ನದ ಹೊತ್ತು ಹಪ್ಪಳ ಮಾಡೋಣವೆಂದು ಬಾಲ್ಕನಿಗೆ ಕಾಲಿಟ್ಟರೆ ಕಾಲೇ ಹಪ್ಪಳವಾಗುತ್ತಿತ್ತು.

ಇದರ ಮೇಲೆ ಆ ನಲ್ಲಿ. ಅಡುಗೆಮನೆಯ ಸಿಂಕಿನ ತಣ್ಣೀರಿನ ನಲ್ಲಿ ಎಷ್ಟು ಬಿಗಿಯಾಗಿ ತಿರುಗಿಸಿದರೂ ಟಪ್ ಟಪ್ ಎನ್ನುತ್ತಿತ್ತು. ಬಚ್ಚಲುಮನೆಯದು ಅದಕ್ಕೆ ದನಿಗೂಡಿಸುತ್ತಿತ್ತು. ವಾಶಿಂಗ್ ಮೆಷಿನ್ನಿನ ಪೈಪು ಗೋಡೆಯ ನಲ್ಲಿಗೆ ಕೂಡುವ ಕಡೆ ಸದಾ ಒದ್ದೆ. ಸಂಜನಾ ಮನೆ ಮಾಲೀಕರ ಮೇಂಟೆನೆನ್ಸ್ ಆಫೀಸಿಗೆ ಫೋನ್ ಮಾಡಿದಾಗಲೆಲ್ಲ ಅಲ್ಲಿಯವನು ‘ಬುಕ್ರಾ’ ಎನ್ನುತ್ತಿದ್ದ. ಬುಕ್ರಾ ಎಂದರೆ ನಾಳೆ. ಆ ನಾಳೆಯನ್ನು ಆ ಕಾಂಪೌಂಡಿನೊಳಗಿನ ಯಾವ ಮನೆಯವರೂ ಕಣ್ಣಾರೆ ಕಂಡಿರಲಿಲ್ಲ. ಮುದ್ದುಕೃಷ್ಣ ತನ್ನ ಬುದ್ಧಿಯೆಲ್ಲ ಖರ್ಚು ಮಾಡಿ ನಲ್ಲಿಯ ಬಾಯಿಗೆ ಒಂದು ದಾರ ಕಟ್ಟಿದ್ದ. ಹನಿ ಆ ದಾರ ಹಿಡಿದು ಸದ್ದಿಲ್ಲದೆ ಇಳಿಯುತ್ತಿತ್ತು.

“ಸದ್ದು ನಿಂತಿದೆ ನೋಡು” ಎಂದ ರಾತ್ರಿ ಊಟಕ್ಕೆ ಕೂತಾಗ.

“ನೀರು ನಿಂತಿದ್ಯಾ?” ಎಂದಳು ಸಂಜನಾ, ಚಪಾತಿ ಬಡಿಸುತ್ತ.

“ನಾಳೆ ನಾನೇ ಹೋಗಿ ಹೇಳ್ತೀನಿ.”

“ನೀವೂ ಬುಕ್ರಾ ಶುರು ಮಾಡಿದ್ರಾ?”

ಚೂಡಾಮಣಿ ಮೆಲ್ಲಗೆ ಬಾಯಿಬಿಟ್ಟರು. “ಒಂದು ಸ್ಪ್ಯಾನರ್ ತಂದ್ಕೊಡೋ ಮುದ್ದು. ವಾಶರ್ ಹೋಗಿದೆ ಅಷ್ಟೆ. ನಾನೇ ಹಾಕ್ತೀನಿ.”

“ಅಮ್ಮಾ, ಇದು ಮೈಸೂರಲ್ಲ. ಇಲ್ಲಿ ಹಾಗೆಲ್ಲ ನಾವು ಬಿಚ್ಚೋ ಹಾಗಿಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ಮ ತಲೆಗೆ ಕಟ್ತಾರೆ.”

“ನಿಮಗ್ಯಾಕೆ ಅತ್ತೆ ಆ ರಗಳೆ” ಎಂದಳು ಸಂಜನಾ. “ಮೂರು ತಿಂಗಳು ಆರಾಮಾಗಿರಕ್ಕೆ ಬಂದಿದೀರ. ಸುಮ್ನೆ ರೆಸ್ಟ್—”

ಚೂಡಾಮಣಿ ತಟ್ಟೆಯಲ್ಲೇ ಕೈತೊಳೆದುಕೊಂಡರು. “ಸಂಜನಾ, ವೀಸಾ ಮುಂದಕ್ಕೆ ಹಾಕಿಸೋದು ಬೇಡ. ಮುಗಿದ ತಕ್ಷಣ ಹೊರಟುಬಿಡ್ತೀನಿ. ನಿಮ್ಮ ಆಫೀಸಲ್ಲೇ ಟಿಕೆಟ್ ನೋಡಿಬಿಡು.”

ವೀಸಾ ಮುಂದಕ್ಕೆ ಹಾಕಿಸಿದರೆ ಇನ್ನೂ ಮೂರು ತಿಂಗಳು ಇರಬಹುದು, ಶಾಲೆಯ ರಜೆಯೆಲ್ಲ ಅಜ್ಜಿಯ ಜೊತೆಗೇ ಎಂದು ಅಮೂಲ್ಯಾ ಕುಣಿಯುತ್ತಿದ್ದಳು. “ಅಜ್ಜಿ, ಯು ಪ್ರಾಮಿಸ್ಡ್. ಚೌಕಾಬಾರ ಕಲಿಸ್ತೀನಿ ಅಂತ ಹೇಳಿದೆ ನೀನು” ಎಂದವಳೇ ಚಪಾತಿ ಬಿಟ್ಟು ಎದ್ದು ಹೋದಳು.

ಪಾತ್ರೆ ತೊಳೆಯುವಾಗ ಸಂಜನಾ ಗಂಡನಿಗೆ ಹೇಳಿದ್ದು ಅತ್ತೆಯ ಕಿವಿಗೂ ಬಿತ್ತು. “ನಾನೇನು ಕಮ್ಮಿ ಮಾಡಿದೀನಿ ಹೇಳಿ. ಒಂದು ಲೋಟ ಎತ್ತಿಡಕ್ಕೂ ಬಿಟ್ಟಿಲ್ಲ ಅವರನ್ನ.” ಅದೇ ಕಣಮ್ಮ ತಪ್ಪು ಎಂದು ಹೇಳಬೇಕೆನಿಸಿತು ಚೂಡಾಮಣಿಯವರಿಗೆ. ನಿಜ ಹೇಳಬೇಕೆಂದರೆ ಅವರಿಗೆ ಹೋಗುವ ಮನಸ್ಸಿರಲಿಲ್ಲ. ಮೊಮ್ಮಗಳ ಜಡೆ ಹೆಣೆಯುತ್ತ ಇಲ್ಲೇ ಇರುವ ಆಸೆ ಬೆಟ್ಟದಷ್ಟಿತ್ತು. ಆದರೆ ನೆಂಟರ ಹಾಗೆ ಇರಲಾರರು. ಮನೆಯವರ ಹಾಗೆ ಇರಬೇಕಿತ್ತು.

ಮಾರನೆಯ ದಿನ ಎಲ್ಲರೂ ಹೊರಟ ಮೇಲೆ ಚೂಡಾಮಣಿ ಎದುರು ಮನೆಯ ಬಾಗಿಲು ತಟ್ಟಿದರು. ಅಲ್ಲಿದ್ದವಳು ಮಂಗಳೂರಿನ ಬರ್ನಡೆಟ್, ಆಸ್ಪತ್ರೆಯಲ್ಲಿ ನರ್ಸು. ರಾತ್ರಿಪಾಳಿ ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದಳು.

“ನಿಮ್ಮ ಯಜಮಾನರ ಹತ್ರ ಸ್ಪ್ಯಾನರ್ ಇದ್ಯೇನಮ್ಮ?”

“ರೆಮಿಜಿಯಸ್‌ನದ್ದು ಒಂದು ಪೆಟ್ಟಿಗೆಯೇ ಉಂಟು. ಎಂತಕ್ಕೆ ಆಂಟಿ?”

“ಸುಮ್ನೆ. ಬೇಜಾರಿಗೆ.”

ಬೇಜಾರಿಗೆ ಸ್ಪ್ಯಾನರ್ ಕೇಳುವ ಆಂಟಿಯನ್ನು ಬರ್ನಡೆಟ್ ಅದುವರೆಗೆ ಕಂಡಿರಲಿಲ್ಲ. ಕಾಫಿ ಲೋಟ ಹಿಡಿದುಕೊಂಡೇ ಹಿಂದೆ ಬಂದಳು. ಚೂಡಾಮಣಿ ಸೆರಗು ಸಿಕ್ಕಿಸಿ, ಸಿಂಕಿನ ಕೆಳಗಿನ ವಾಲ್ವು ಮುಚ್ಚಿ, ನಲ್ಲಿಯ ತಲೆ ಬಿಚ್ಚಿದರು. ಒಳಗಿನ ಕಡ್ಡಿಯ ತುದಿಯಲ್ಲಿದ್ದ ವಾಶರು ಸವೆದು, ಉಪ್ಪು ಕಟ್ಟಿ, ಬಿರುಕುಬಿಟ್ಟಿತ್ತು. ಹೊಸ ವಾಶರು ಎಲ್ಲಿಂದ ತರುವುದು? ಮೈಸೂರಿನಲ್ಲಿ ಇದಕ್ಕಾಗಿ ಯಾರಾದರೂ ಅಂಗಡಿಗೆ ಹೋಗುತ್ತಾರೆಯೇ? ಬಚ್ಚಲ ಬಾಗಿಲಲ್ಲಿ ಮಗನ ಹಳೆಯ ಹವಾಯಿ ಚಪ್ಪಲಿ ಬಿದ್ದಿತ್ತು. ಅದರ ಹಿಮ್ಮಡಿಯಿಂದ ನಾಲ್ಕಾಣೆಯಷ್ಟಗಲದ ಬಿಲ್ಲೆ ಕತ್ತರಿಸಿ, ನಡುವೆ ತೂತು ಕೊರೆದು, ಕೂರಿಸಿ, ತಿರುಗಿಸಿದರು. ನಲ್ಲಿ ಬಾಯಿ ಮುಚ್ಚಿತು.

“ಯಬ್ಬಾ, ಆಂಟಿ. ನಮ್ಮ ಮನೆಯದ್ದೂ ಸೋರುತ್ತದೆ ಮಾರ್ರೆ” ಎಂದಳು ಬರ್ನಡೆಟ್.

“ಬರ್ತೀನಿ ಇರು. ಚಪ್ಪಲಿ ಇನ್ನೂ ಬೇಕಾದಷ್ಟಿದೆ” ಎಂದರು ಚೂಡಾಮಣಿ. ಕತಾರಿಗೆ ಬಂದ ಮೇಲೆ ಅವರು ಮನಸಾರೆ ನಕ್ಕಿದ್ದು ಅದೇ ಮೊದಲು.

ಸಂಜೆ ಸಂಜನಾ ಬಂದು ಸಿಂಕಿನ ಮುಂದೆ ನಿಂತಳು. ದಾರವಿಲ್ಲ, ಹನಿಯಿಲ್ಲ. ಬಚ್ಚಲು ನೋಡಿದಳು, ಮೆಷಿನ್ನಿನ ಹಿಂದೆ ಬಗ್ಗಿ ನೋಡಿದಳು, ಎಲ್ಲೂ ಒದ್ದೆಯಿಲ್ಲ. ಮೇಂಟೆನೆನ್ಸಿನವರು ಕೊನೆಗೂ ಬಂದುಹೋದರೆಂದುಕೊಂಡು ಖುಷಿಯಿಂದ ಅವರ ಆಫೀಸಿಗೆ ಫೋನ್ ಹಚ್ಚಿ ಹಿಂದಿಯಲ್ಲಿ ಉದ್ದಕ್ಕೆ ಧನ್ಯವಾದ ಹೇಳಿದಳು. ಆ ಕಡೆಯವನು ಒಂದಿಷ್ಟೂ ಅಳುಕದೆ, ನಮ್ಮ ಹುಡುಗರು ಹಾಗೇ ಮೇಡಂ, ಒಂದು ಸಲ ಮಾಡಿದರೆ ಮತ್ತೆ ನೋಡುವ ಹಾಗಿಲ್ಲ ಎಂದ. ಸೋಫಾದ ಮೇಲೆ ಚೂಡಾಮಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

ಅಷ್ಟರಲ್ಲಿ ಬಚ್ಚಲಿನಿಂದ ಮುದ್ದುಕೃಷ್ಣ ಚಪ್ಪಲಿ ಎತ್ತಿ ಹಿಡಿದುಕೊಂಡು ಬಂದ. “ಇದೇನಿದು? ನನ್ನ ಚಪ್ಪಲಿಗೆ ಇಲಿ ಬಿದ್ದಿದ್ಯಾ? ಇಷ್ಟು ರೌಂಡಾಗಿ ತಿನ್ನೋ ಇಲಿ ನಾನು ನೋಡೇ ಇಲ್ಲ.”

ಸಂಜನಾ ಚಪ್ಪಲಿ ನೋಡಿದಳು, ನಲ್ಲಿ ನೋಡಿದಳು, ಅತ್ತೆಯನ್ನು ನೋಡಿದಳು. “ಅತ್ತೆ, ನೀವಾ?”

“ಆ ಮೇಂಟೆನೆನ್ಸ್ ಹುಡುಗರು ನಾನೇ ಕಣಮ್ಮ” ಎಂದರು ಚೂಡಾಮಣಿ.

ಸಂಜನಾಗೆ ನಗು ಬಂತು, ಆದರೆ ನಗಲಿಲ್ಲ. “ಹೇಳದೆ ಯಾಕೆ ಮಾಡಿದ್ರಿ? ಕಾಲು ಜಾರಿದ್ದಿದ್ರೆ? ಒಬ್ರೇ ಇದ್ರಿ ಮನೇಲಿ” ಎಂದು ಸಿಡುಕಿದಳು. ಅಮೂಲ್ಯಾ ಮಾತ್ರ ಚಪ್ಪಲಿಯ ತೂತಿನಿಂದ ಅಜ್ಜಿಯನ್ನು ಇಣುಕಿ ನೋಡಿ, “ಅಜ್ಜಿ ಈಸ್ ಎ ಪ್ಲಂಬರ್” ಎಂದು ಕಾಂಪೌಂಡಿಗೆಲ್ಲ ಸಾರಿಬಂದಳು.

ಸಾರಿದ್ದು ಫಲ ಕೊಟ್ಟಿತು. ಬರ್ನಡೆಟ್ಟಳ ಮನೆ ಆಯಿತು, ಅವಳ ಮಗ್ಗುಲಿನ ಮಲಯಾಳಿಗಳ ಮನೆ ಆಯಿತು. ಅವರು ಬಾಳೆಕಾಯಿ ಚಿಪ್ಸು ಕೊಟ್ಟರು, ಬರ್ನಡೆಟ್ ಸಣ್ಣಕ್ಕಿಯ ಕಡುಬು ಕೊಟ್ಟಳು. ಮುದ್ದುಕೃಷ್ಣನ ಎರಡನೇ ಕಾಲಿನ ಚಪ್ಪಲಿಯೂ ಜರಡಿಯಾಯಿತು. ಚೂಡಾಮಣಿ ಟಿಕೆಟ್ಟಿನ ಮಾತು ಎತ್ತಲಿಲ್ಲ. ಸಂಜನಾ ಬಾಂಬೆ ಫ್ಲೈಟಿನಲ್ಲಿ ಒಂದು ಸೀಟು ಹಿಡಿದಿಟ್ಟಿದ್ದಳು. ಅದನ್ನು ಬಿಡಲಾ ಎಂದು ಕೇಳಲು ಅವಳಿಗೂ ಅಳುಕು. ಕೇಳಿದಾಗ ಅತ್ತೆ ‘ಬೇಡಮ್ಮ, ಹೋಗ್ತೀನಿ’ ಎಂದುಬಿಟ್ಟರೆ? ಬೆಳಿಗ್ಗೆಯ ‘ರೆಸ್ಟ್ ತಗೊಳ್ಳಿ’ ಮಾತ್ರ ಹಾಗೇ ನಡೆದಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಸಂಜನಾ ಬಚ್ಚಲ ಗೀಜರಿನ ಸ್ವಿಚ್ಚು ಆರಿಸಿ ಅದರ ಮೇಲೆ ಟೇಪು ಅಂಟಿಸಿದಳು. “ಅತ್ತೆ, ಇವತ್ತಿಂದ ಉಲ್ಟಾ. ಬಿಸಿನೀರು ಬೇಕಾದ್ರೆ ತಣ್ಣೀರು ನಲ್ಲಿ ತಿರುಗಿಸಿ. ತಣ್ಣೀರು ಬೇಕಾದ್ರೆ ಬಿಸಿನೀರು ನಲ್ಲಿ.”

“ಏನಮ್ಮ, ತಮಾಷೆ ಮಾಡ್ತೀಯಾ?”

“ಇಲ್ಲ ಅತ್ತೆ. ತಾರಸಿ ಮೇಲಿನ ಟ್ಯಾಂಕು ಬಿಸಿಲಿಗೆ ಕಾದು ಕುದಿಯುತ್ತೆ, ಅದು ಸೀದಾ ತಣ್ಣೀರು ನಲ್ಲಿಗೆ ಬರುತ್ತೆ. ಗೀಜರ್ ಏಸಿ ಮನೆಯೊಳಗಿದೆ ಅಲ್ವಾ, ಅದರಲ್ಲಿರೋ ನೀರು ತಣ್ಣಗಾಗಿರುತ್ತೆ. ಇಲ್ಲಿ ಎಲ್ಲರ ಮನೇಲೂ ಬೇಸಿಗೇಲಿ ಹೀಗೇನೇ.”

ಚೂಡಾಮಣಿ ಕೈಯೊಡ್ಡಿ ನೋಡಿದರು. ನೀರು ಚುರ್ ಎಂದಿತು. ಒಲೆಯಿಲ್ಲದೆ ನೀರು ಕಾಯಿಸುವ ಊರು ಎಂದು ಅರ್ಧ ದಿನ ನಕ್ಕರು, ಮೈಸೂರಿನ ತಂಗಿಗೆ ಫೋನಿನಲ್ಲೂ ಹೇಳಿದರು. ಆದರೆ ಆ ನೀರು ದಿನವಿಡೀ ತಾವು ಕೂರಿಸಿದ ಚಪ್ಪಲಿಯ ಬಿಲ್ಲೆಯ ಮೇಲೇ ಹಾದುಹೋಗುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಮೈಸೂರಿನಲ್ಲಿ ತಣ್ಣೀರಿನ ನಲ್ಲಿಯಲ್ಲಿ ತಣ್ಣೀರೇ ಬರುತ್ತಿತ್ತು.

ಶಾಲೆಗೆ ರಜೆ ಬಿಡುವ ಮುಂಚಿನ ಶುಕ್ರವಾರ ಅಮೂಲ್ಯಾಳ ಹುಟ್ಟುಹಬ್ಬ. ಊಟಕ್ಕೆ ಬರ್ನಡೆಟ್, ರೆಮಿಜಿಯಸ್, ಜೊತೆಗೆ ಮುದ್ದುಕೃಷ್ಣನ ಆಫೀಸಿನ ಮ್ಯಾನೇಜರ್ ಯತಿರಾಜ್ ಮತ್ತು ಅವರ ಹೆಂಡತಿ. ಯತಿರಾಜ್ ಬೆಂಗಳೂರಿನವರು, ಕರ್ಚೀಫನ್ನೂ ಇಸ್ತ್ರಿ ಮಾಡಿಸುವಂಥವರು. ಬಿಸಿಬೇಳೆಭಾತು, ಕೋಸಂಬರಿ, ಆಂಬೊಡೆ, ಶಾವಿಗೆ ಪಾಯಸ. ಅಷ್ಟನ್ನೂ ಸಂಜನಾ ಒಬ್ಬಳೇ ಮಾಡಿದಳು. ಆಂಬೊಡೆಯ ಹದ ನೋಡಲೂ ಅತ್ತೆಯನ್ನು ಏಳಿಸಲಿಲ್ಲ. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಯತಿರಾಜ್ ಹೂಕೋಸಿನ ಹಾಗೆ ಅರಳಿ ಕೂತಿದ್ದರು.

ಕೈತೊಳೆಯಲು ಎದ್ದವರು ಬಚ್ಚಲಿನಿಂದ ಕೂಗಿದರು. “ಮುದ್ದುಕೃಷ್ಣ, ನಿಮ್ಮ ನಲ್ಲಿ ನಿಲ್ತಾ ಇಲ್ಲಪ್ಪ.”

ನಿಲ್ಲುವುದಿರಲಿ, ತಿರುಗಿಸಿದಷ್ಟೂ ಹೆಚ್ಚಾಯಿತು. ಅಡುಗೆಮನೆಯಲ್ಲಿ ತಟ್ಟೆ ನೆನೆಹಾಕಲು ಹೋದ ಸಂಜನಾಗೂ ಅದೇ ಪಾಡು. ಸುಡುವ ನೀರು ಸಿಂಕು ತುಂಬಿ ನೆಲಕ್ಕೆ ಹರಿಯಿತು. ಮುದ್ದುಕೃಷ್ಣ ಟವೆಲ್ಲು ಒತ್ತಿಹಿಡಿದು “ಅಯ್ಯಯ್ಯೋ” ಎಂದು ಕೈ ಕೊಡವಿದ. ಕೆಳಗಿನ ವಾಲ್ವು ಮುಚ್ಚಲು ಬಗ್ಗಲೂ ಆಗದ ಹಾಗೆ ನೀರು ಚಿಮ್ಮುತ್ತಿತ್ತು. ರೆಮಿಜಿಯಸ್ ತನ್ನ ಸ್ಪ್ಯಾನರ್ ತರಲು ಓಡಿದವನು ಅದೇ ಓಟದಲ್ಲಿ ವಾಪಸು ಬಂದ. “ನಮ್ಮಲ್ಲಿಯೂ ಹೋಗ್ತಾ ಉಂಟು. ಬರ್ನಡೆಟ್, ಬೇಗ ಬಾ.”

ಕೊನೆಗೆ ಸಂಜನಾ ರೇಷ್ಮೆಸೀರೆಯ ನೆರಿಗೆ ಎತ್ತಿ ಕಟ್ಟಿ, ಒದ್ದೆ ಟವೆಲ್ಲು ಹಿಡಿದು, ಜೂನ್ ತಿಂಗಳ ಮಟಮಟ ಮಧ್ಯಾಹ್ನ ತಾರಸಿ ಹತ್ತಿ ಟ್ಯಾಂಕಿನ ವಾಲ್ವುಗಳನ್ನೇ ಮುಚ್ಚಿಬಂದಳು. ಮುಖ ಟೊಮೇಟೊ ಬಣ್ಣಕ್ಕೆ ತಿರುಗಿತ್ತು. ನೀರು ನಿಂತಿತು.

ಚೂಡಾಮಣಿ ನಲ್ಲಿ ಬಿಚ್ಚಿ ನೋಡಿದರು. ಚಪ್ಪಲಿಯ ಬಿಲ್ಲೆ ಬೆಂದು ಮೆತ್ತಗಾಗಿ, ಅಗಿದು ಉಗುಳಿದ ಅಡಿಕೆಯಂತೆ ಚೂರುಚೂರಾಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಯಾರ ಮುಖವನ್ನೂ ನೋಡದೆ ತಮ್ಮ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಹೊರಗೆ ಅಮೂಲ್ಯಾ ಕುಡಿಯುವ ನೀರಿನ ಕ್ಯಾನಿನಿಂದ ಚೊಂಬಿಗೆ ತುಂಬಿಸಿ, ಬಾಲ್ಕನಿಯಲ್ಲಿ ಬಕೆಟ್ಟಿಟ್ಟು, ಒಬ್ಬೊಬ್ಬರ ಕೈಗೂ ನೀರು ಹಾಕಿದಳು. “ಮದುವೆಮನೇಲಿ ಹೀಗೆ ಕೈಗೆ ನೀರು ಹಾಕ್ತಿದ್ರು. ಎಷ್ಟು ವರ್ಷ ಆಯ್ತಪ್ಪ” ಎಂದು ಯತಿರಾಜ್ ಇನ್ನೊಂದು ಸಲ ಕೈಯೊಡ್ಡಿದರು. ಅವರ ಪ್ಯಾಂಟು ಮೊಣಕಾಲಿನವರೆಗೆ ನೆನೆದಿತ್ತು, ಮುಖದ ಮೇಲೆ ಮಾತ್ರ ಮದುವೆಮನೆಯ ಕಳೆ.

ಅತಿಥಿಗಳು ಹೋದ ಮೇಲೆ ಮುದ್ದುಕೃಷ್ಣ ರೂಮಿಗೆ ಇಣುಕಿದ. ಸೂಟ್‌ಕೇಸು ಮಂಚದ ಮೇಲೆ ಬಂದಿತ್ತು.

“ಅಮ್ಮಾ, ಇದೇನಿದು?”

“ಮನೆಗೆ ಬಂದವರ ಮುಂದೆ ನಿನ್ನ ಮರ್ಯಾದೆ ತೆಗೆದೆ. ಆ ಬರ್ನಡೆಟ್ ಮನೇನೂ ಹಾಳುಮಾಡ್ದೆ. ಸಾಕು, ಇರೋವರೆಗೂ ರೆಸ್ಟ್ ತಗೋತೀನಿ. ಸಂಜನಾಗೆ ಹೇಳು, ಟಿಕೆಟ್ ಗಟ್ಟಿ ಮಾಡ್ಲಿ.”

ಅವನನ್ನು ಪಕ್ಕಕ್ಕೆ ಸರಿಸಿ ಸಂಜನಾ ಒಳಗೆ ಬಂದಳು. ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ಕಾರಿನ ಬೀಗದಕೈ.

“ಏಳಿ ಅತ್ತೆ. ಅಂಗಡಿ ತೆಗೆದಿರತ್ತೆ.”

“ನೀವು ಹೋಗ್ಬನ್ನಿ.”

“ನಂಗೆ ವಾಶರ್ ಮುಖ ನೋಡಿ ಗೊತ್ತಿಲ್ಲ. ಇವರಿಗೆ ದಾರ ಕಟ್ಟೋದು ಬಿಟ್ಟು ಬೇರೇನೂ ಬರಲ್ಲ. ನೀವು ಬರದಿದ್ರೆ ನಮಗೆ ಇವತ್ತು ರಾತ್ರಿ ನೀರಿಲ್ಲ.”

“ನನ್ನಿಂದಲೇ ತಾನೇ ಇಷ್ಟೆಲ್ಲ ಆಗಿದ್ದು.”

ಸಂಜನಾ ಮಂಚದ ಮೇಲೆ ಕೂತಳು. “ನಾನು ಇಲ್ಲಿಗೆ ಬಂದ ಮೊದಲನೇ ಬೇಸಿಗೆ, ಅಮೂಲ್ಯಾಗೆ ಒಂದು ವರ್ಷ. ಮಗೂಗೆ ಶೆಕೆ ಅಂತ ತಣ್ಣೀರು ನಲ್ಲಿ ಕೆಳಗೆ ಕೂರಿಸಿದೆ. ಅವಳು ಕಿರುಚಿಕೊಂಡಿದ್ದು ಇವತ್ತಿಗೂ ಕಿವೀಲಿದೆ. ಬೆನ್ನೆಲ್ಲ ಕೆಂಪಗಾಗಿತ್ತು. ಇವರಿಗೂ ಹೇಳಿರಲಿಲ್ಲ, ಬೊಕ್ಕೆ ಅಂದಿದ್ದೆ. ಈ ಊರಿನ ನೀರು ಎಲ್ಲರಿಗೂ ಒಂದು ಸಲ ಪಾಠ ಕಲಿಸತ್ತೆ ಅತ್ತೆ. ನಿಮ್ಮದು ಚಪ್ಪಲಿಯಲ್ಲಿ ಹೋಯ್ತು.”

ಮುದ್ದುಕೃಷ್ಣ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ. “ಬೊಕ್ಕೆ ಅಲ್ವಾ ಅದು?”

“ನೀವು ಸುಮ್ನಿರಿ”, “ನೀನು ಸುಮ್ನಿರು” ಎಂದರು ಸೊಸೆ ಅತ್ತೆ ಇಬ್ಬರೂ ಒಟ್ಟಿಗೇ. ಆ ಮನೆಯಲ್ಲಿ ಅವರಿಬ್ಬರ ಮಾತು ಒಂದೇ ಆದದ್ದು ಅಂದೇ ಮೊದಲು. ಚೂಡಾಮಣಿ ಎದ್ದು ನಲ್ಲಿಯ ಒಳಗಿನ ಕಡ್ಡಿಯನ್ನು ಅಳತೆಗೆಂದು ಕರ್ಚೀಫಿನಲ್ಲಿ ಸುತ್ತಿಕೊಂಡರು.

ಸೂಕ್ ವಾಕಿಫ್ ಎಂಬ ಹಳೇ ಪೇಟೆಯ ಹಿಂದಿನ ಓಣಿಯಲ್ಲಿ ಪೊಡಿಯಬ್ಬನ ಹಾರ್ಡ್‌ವೇರ್ ಅಂಗಡಿ. ಪುತ್ತೂರಿನ ಕಡೆಯವನು, ಕನ್ನಡ ಕಿವಿಗೆ ಬಿದ್ದದ್ದೇ ಸ್ಟೂಲು ಎಳೆದು ಹಾಕಿ ಪುದಿನ ಚಹಾ ತರಿಸಿದ. ಕಡ್ಡಿಯ ತುದಿಗೆ ಅಂಟಿದ್ದ ನೀಲಿ ಚೂರು ನೋಡಿ ಅವನ ಮೀಸೆ ಅರಳಿತು.

“ಚಪ್ಪಲ್‌ನದ್ದಾ ಅಮ್ಮ? ನಮ್ಮ ಉಮ್ಮ ಊರಲ್ಲಿ ಇವತ್ತಿಗೂ ಇದನ್ನೇ ಹಾಕುವುದು. ಇಲ್ಲಿ ಮಾಫಿ, ನಡೆಯುವುದಿಲ್ಲ. ಇಲ್ಲಿಯ ಬೇಸಿಗೆಗೆ ಗಟ್ಟಿ ರಬ್ಬರಿನದ್ದು ಬೇಕು.”

ಚೂಡಾಮಣಿ ಸುಮ್ಮನೆ ಕೊಳ್ಳುವವರಲ್ಲ. ಒಂದೊಂದು ವಾಶರನ್ನೂ ಕಡ್ಡಿಗೆ ಹಾಕಿ ನೋಡಿ, ಉಗುರಿನಿಂದ ಒತ್ತಿ ನೋಡಿ, ಹಲ್ಲಿನಲ್ಲಿ ಕಚ್ಚಿ ನೋಡಿದರು. ಪೈಪಿನ ತುದಿಗೆ ಹಾಕುವ ಚಪ್ಪಟೆ ಬಿಲ್ಲೆಗಳನ್ನೂ ಆರಿಸಿದರು. “ಇದು ಸಡಿಲ. ಇದು ಓರೆ ಕೊಯ್ದಿದಾರೆ. ಆ ಡಬ್ಬಿ ಇಳಿಸಪ್ಪ.” ಪೊಡಿಯಬ್ಬ ಡಬ್ಬಿಯ ಮೇಲೆ ಡಬ್ಬಿ ಇಳಿಸಿದ. ಸಂಜನಾ ಚಹಾ ಹೀರುತ್ತ ಅತ್ತೆಯನ್ನೇ ನೋಡುತ್ತಿದ್ದಳು. ಸೋಫಾದ ಮೇಲೆ ಕೂತಿರುತ್ತಿದ್ದ ಆ ಮಂಕು ಹೆಂಗಸು ಇವರೇನಾ ಎನಿಸಿತು ಅವಳಿಗೆ. ಇವರನ್ನು ಇಷ್ಟು ದಿನ ಕೂರಿಸಿಬಿಟ್ಟೆನಲ್ಲ ಎಂದುಕೊಂಡಳು.

“ಅತ್ತೆ, ನಂಗೂ ಹೇಳಿಕೊಡಿ” ಎಂದಳು ದಾರಿಯಲ್ಲಿ.

ಹಾಗಾಗಿ ಆ ಸಂಜೆ ಅಡುಗೆಮನೆಯಲ್ಲಿ ಚೂಡಾಮಣಿ ಸ್ಟೂಲಿನ ಮೇಲೆ ಕೂತು ಬೆರಳು ತೋರಿಸಿದರು, ಸಂಜನಾ ಸ್ಪ್ಯಾನರ್ ತಿರುಗಿಸಿದಳು. “ಎಡಗಡೆಗೆ. ಅದು ಬಲಗಡೆ ಕಣೆ. ಅಷ್ಟು ಬಿಗಿ ಮಾಡಬೇಡ, ನಲ್ಲಿ ಅದು, ಉಪ್ಪಿನಕಾಯಿ ಜಾಡಿ ಅಲ್ಲ.” ‘ಅಮ್ಮ’ ಬಿಟ್ಟು ಬಾಯಿಂದ ‘ಕಣೆ’ ಬಂದದ್ದು ಇಬ್ಬರಿಗೂ ಗೊತ್ತಾಯಿತು. ಅಮೂಲ್ಯಾ ವಾಶರ್ ಎತ್ತಿ ಕೊಟ್ಟಳು. ಮುದ್ದುಕೃಷ್ಣನನ್ನು ತಾರಸಿಗೆ ಅಟ್ಟಿದರು, ವಾಲ್ವು ಬಿಟ್ಟು ಮೇಲಿನಿಂದಲೇ “ಬಂತಾ?” ಎಂದು ಕೂಗಿದ. ಬಂತು, ತಿರುಗಿಸಿದರೆ ನಿಂತಿತು. ಆಮೇಲೆ ಎಲ್ಲರೂ ಸೇರಿ ಎದುರು ಮನೆಗೂ ಹೋದರು. ಉಳಿದ ಪಾಯಸ ಅಲ್ಲೇ ಖಾಲಿಯಾಯಿತು.

ಮರುದಿನ ಬೆಳಿಗ್ಗೆ ಮುದ್ದುಕೃಷ್ಣ ಎಂದಿನಂತೆ ಟೈ ಸರಿಮಾಡಿಕೊಳ್ಳುತ್ತ, “ಅಮ್ಮಾ, ನೀನು ರೆಸ್ಟ್—” ಎಂದ. ಹೆಂಡತಿ ಅವನ ಕಾಲು ತುಳಿದಳು.

“ಅತ್ತೆ” ಎಂದಳು, ಹ್ಯಾಂಡ್‌ಬ್ಯಾಗು ಹೆಗಲಿಗೇರಿಸುತ್ತ. “ಶವರ್ ಪೈಪು ತಲೆ ಹತ್ರ ಸೋರ್ತಾ ಇದೆ, ನೋಡಿ. ಬೇಳೆ ನೆನೆಹಾಕಿದೀನಿ, ನುಗ್ಗೆಕಾಯಿ ಹೆಚ್ಚಿ ಹುಳಿ ಮಾಡಿಬಿಡಿ. ನಂಗೆ ಬರೋದು ಲೇಟಾಗತ್ತೆ. ಅಮೂಲ್ಯಾ ಯೂನಿಫಾರ್ಮಿಗೆ ಒಂದು ಗುಂಡಿ ಹೊಲೀಬೇಕು.”

“ಒಂದೇ ಉಸಿರಿಗೆ ಎಷ್ಟೇ ಹೇಳ್ತೀಯ. ನಂಗೇನು ನಾಲ್ಕು ಕೈ ಇದ್ಯಾ?” ಎಂದು ಚೂಡಾಮಣಿ ರೇಗಿದರು. ರೇಗುವಾಗ ಅವರ ಮುಖ ನೋಡಬೇಕಿತ್ತು.

ಮಧ್ಯಾಹ್ನ ಫೋನ್ ಗಣಗಣಿಸಿತು. ಶವರ್ ಪೈಪು ಮಡಿಲಲ್ಲಿ, ಸ್ಪ್ಯಾನರ್ ಕೈಯಲ್ಲಿ, ಹುಳಿ ಒಲೆಯ ಮೇಲೆ. ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡರು.

“ಅತ್ತೆ, ಸಂಜನಾ” ಎಂದಿತು ಆ ಕಡೆಯ ದನಿ, ಅಳುಕುತ್ತ. “ಬಾಂಬೆ ಫ್ಲೈಟಲ್ಲಿ ನಿಮಗೆ ಸೀಟು ಹಿಡಿದಿಟ್ಟಿದ್ನಲ್ಲ, ಇವತ್ತು ಏನಾದ್ರೂ ಒಂದು ಹೇಳ್ಬೇಕಂತೆ. ಕನ್ಫರ್ಮ್ ಮಾಡ್ಲಾ, ಬಿಟ್ಟುಬಿಡ್ಲಾ?”

“ಲೇ, ಪೈಪು ಬಿಚ್ಚಿಟ್ಕೊಂಡು ಕೂತಿದೀನಿ, ಒಲೆ ಮೇಲೆ ಹುಳಿ ಉಕ್ತಾ ಇದೆ. ಈಗ ಊರಿಗೆ ಹೋಗೋದು ಹೇಗೆ?” ಎಂದರು ಚೂಡಾಮಣಿ. “ಫೋನಿಡು ಮೊದ್ಲು. ಬರ್ತಾ ಇಂಗು ತಗೊಂಡ್ಬಾ.”